ರುಚಿ ನೋಡದ ಅನ್ನ

ಉಪ್ಪು ಹಾಕಿದೆನೋ, ಇಲ್ಲವೋ?

ಆರಾವಮುದನ್ ಸೌಟು ಹಿಡಿದವನು ಹಾಗೇ ನಿಂತ. ಉಪ್ಪು ಕರಗಿಸಿ ಸೋಸುವ ಹಿತ್ತಾಳೆ ತಂಬಿಗೆ ಒಲೆಯ ಪಕ್ಕ ಖಾಲಿಯಾಗಿತ್ತು. ಆದರೆ ಅದು ಬೆಳಗಿನಿಂದಲೂ ಖಾಲಿಯೇ ಇದ್ದಿರಬಹುದು. ಅಂಗೈ ಒದ್ದೆಯಾಗಿತ್ತು. ಐಪ್ಪಸಿ ತಿಂಗಳ ಮಳೆಯಲ್ಲಿ ದೇವಸ್ಥಾನದ ಅಡುಗೆಮನೆಯೊಳಗೆ ಒದ್ದೆಯಾಗದೆ ಉಳಿದದ್ದು ಯಾವುದು? ಉಪ್ಪಿನ ಮರಿಗೆಯಲ್ಲಿ ಮುಷ್ಟಿ ಹಾಕಿದ ಗುಳಿಯೊಂದು ಕಾಣುತ್ತಿತ್ತು. ಅದು ಇವತ್ತಿನದೋ, ನಿನ್ನೆಯದೋ?

ಅನ್ನ ಅರಳುತ್ತ ಬಂದಿತ್ತು. ಒಂದೇ ಒಂದು ಅಗುಳು ನಾಲಿಗೆಯ ಮೇಲಿಟ್ಟರೆ ಸಂಶಯ ಮುಗಿಯುತ್ತಿತ್ತು. ಊರಿನ ಯಾವ ಅಡುಗೆಯವಳಾದರೂ ಮಾಡುವುದು ಅದನ್ನೇ. ಆದರೆ ಈ ಒಲೆಯ ಮುಂದೆ ಗರ್ಭಗುಡಿಯ ಪೆರುಮಾಳಿಗಿಂತ ಮೊದಲು ಯಾರೂ ತಿನ್ನುವಂತಿಲ್ಲ, ಮೂಸುವಂತೆಯೂ ಇಲ್ಲ. ಅದಕ್ಕೇ ಅವನ ಮೂಗು ಬಾಯಿಗೆ ಬಟ್ಟೆ ಕಟ್ಟಿತ್ತು. ಎಳೆಯವನಾಗಿದ್ದಾಗ ಆ ಬಟ್ಟೆಯನ್ನು ಕಟ್ಟಿಕೊಟ್ಟವನು ಅಪ್ಪ. ಅಂದಿನಿಂದ ಅವನು ಕೈಯನ್ನು ನಂಬಿ ಬೇಯಿಸಿದವನು. ಕೈ ಅವನಿಗೆ ಎಂದೂ ಸುಳ್ಳು ಹೇಳಿರಲಿಲ್ಲ. ಈಗ ಅದು ಏನನ್ನೂ ಹೇಳುತ್ತಿರಲಿಲ್ಲ.

"ಮಾಮ, ಆಯ್ತಾ? ಪರದೆ ಎಳೀಬೇಕು" ಎಂದು ಹೊರಗಿನಿಂದ ಅರ್ಚಕರಾದ ಸುಂದರ ಭಟ್ಟರು ಕೂಗಿದರು.

"ಆಯ್ತು, ಆಯ್ತು."

ಹಾಕಿಲ್ಲ ಎಂದೇ ತೀರ್ಮಾನಿಸಿದ. ಮುಷ್ಟಿ ಉಪ್ಪು ತೆಗೆದು, ನೀರಲ್ಲಿ ಕದಡಿ, ಸೋಸಿ, ಅನ್ನದ ಮೇಲೆ ಸುತ್ತಲೂ ಸುರಿದ. ಕುಟ್ಟಿದ ಮೆಣಸು, ತುಪ್ಪದಲ್ಲಿ ಹುರಿದ ಜೀರಿಗೆ ಹಾಕಿ ಅಡಿಯಿಂದ ಮೇಲಕ್ಕೆ ಒಮ್ಮೆ ತಿರುವಿದ. ಕಂಚಿನ ಪಾತ್ರೆಯನ್ನು ಇಬ್ಬರು ಹೊತ್ತುಕೊಂಡು ಹೋದರು. ಗಂಟೆ ಮೊಳಗಿತು.

ಅಂದು ಮಧ್ಯಾಹ್ನ ಸನ್ನಿಧಿ ಬೀದಿಯ ಮನೆಯಲ್ಲಿ ನಾಲ್ವರೂ ಊಟಕ್ಕೆ ಕೂತಿದ್ದರು. ಭಾನುವಾರವಾದ್ದರಿಂದ ಮಗ ಮುಕುಂದನ್ ಕುಂಭಕೋಣದ ರೇಷ್ಮೆ ನೂಲಿನ ಅಂಗಡಿಗೆ ಹೋಗಿರಲಿಲ್ಲ. ಸೊಸೆ ವಂಜುಳಾ ಕೆಲಸ ಮಾಡುವ ಲೈಬ್ರರಿಗೂ ರಜ. ಹೆಂಡತಿ ಕೋಮಳಂ ಮೊದಲು ಎಲ್ಲರ ಎಲೆಗೂ ಪಾಲಿಗೆ ಬಂದ ಪ್ರಸಾದವನ್ನು ಒಂದೊಂದು ಹಿಡಿ ಬಡಿಸಿದಳು.

ಆರಾವಮುದನ್ ಮೊದಲ ತುತ್ತಿಗೇ ತಿಳಿದುಕೊಂಡ. ತಲೆಯೆತ್ತದೆ ತಿಂದ. ಕೋಮಳಂ ತನ್ನ ಪಾಲಿಗೆ ಬರಿ ಅನ್ನ ಬೆರೆಸಿಕೊಂಡು, ಅದರ ಮೇಲೆ ಮೊಸರು ಸುರಿದುಕೊಂಡಳು. ಮುಕುಂದನ್ ನೀರಿನ ಲೋಟ ಎತ್ತಿದ.

"ಮಾವ, ಇವತ್ತು ಉಪ್ಪು ಎರಡು ಸಲ ಬಿದ್ದಿದೆ" ಅಂದಳು ವಂಜುಳಾ.

ಮುಕುಂದನ್ ಮೊಣಕೈಯಿಂದ ತಿವಿದ.

"ಯಾಕ್ರೀ ತಿವೀತೀರಿ? ನೀವು ಆಗ್ಲಿಂದ ನೀರೇ ಕುಡೀತಿದೀರಿ. ಅನ್ನ ಎಲ್ಲಿ ತಿಂದ್ರಿ?"

"ಪ್ರಸಾದ ಕಣೇ ಅದು" ಎಂದಳು ಕೋಮಳಂ. "ಕಣ್ಣಿಗೊತ್ತಿಕೊಂಡು ತಿನ್ನೋದು. ಉಪ್ಪಾಯ್ತು ಖಾರ ಆಯ್ತು ಅನ್ನೋಕೆ ಇದೇನು ಬಸ್‌ಸ್ಟ್ಯಾಂಡ್ ಹೋಟ್ಲಾ?"

"ಕಣ್ಣಿಗೊತ್ತಿಕೊಂಡೇ ತಿಂದೆ ಅತ್ತೆ. ಕಣ್ಣು ಏನೂ ಹೇಳ್ಲಿಲ್ಲ. ನಾಲಿಗೆ ಸುಮ್ಮನಿರಬೇಕಲ್ಲ."

"ನಿನ್ನ ನಾಲಿಗೆ ಯಾವತ್ತು ಸುಮ್ಮನಿತ್ತು?"

"ಉಪ್ಪೇ ಬದಲಾಗಿರಬೇಕು ಅಪ್ಪ" ಎಂದ ಮುಕುಂದನ್, ಯಾರ ಮುಖವನ್ನೂ ನೋಡದೆ. "ವೇದಾರಣ್ಯದ್ದು ಬಿಟ್ಟು ಈಗ ಬೇರೆ ಎಲ್ಲಿಂದಲೋ ತರಿಸ್ತಿದಾರೆ ಅಂತ ಕೇಳ್ದೆ."

"ಇರಬಹುದು" ಎಂದ ಆರಾವಮುದನ್. ಉಪ್ಪು ಬದಲಾಗಿರಲಿಲ್ಲ. ವೇದಾರಣ್ಯದ ಚೀಲವನ್ನು ಮರಿಗೆಗೆ ಸುರಿದವನು ಅವನೇ.

ಮಾರನೆಯ ದಿನ ಸುಂದರ ಭಟ್ಟರು ಎದುರಿಗೆ ಸಿಕ್ಕಾಗ ನಕ್ಕು, "ಪೆರುಮಾಳಿಗೆ ನಿನ್ನೆಯೆಲ್ಲಾ ಒಂದೇ ದಾಹ ಮಾಮ. ತೀರ್ಥದ ಪಾತ್ರೆ ಎರಡು ಸಲ ತುಂಬಿಸಬೇಕಾಯ್ತು" ಎಂದರು. ಆರಾವಮುದನ್ ಕೂಡ ನಕ್ಕ. ಆ ವಾರ ಕಳೆದ ಮೇಲೆ ಒಂದು ದಿನ ಅನ್ನಕ್ಕೆ ಉಪ್ಪೇ ಬಿದ್ದಿರಲಿಲ್ಲ. ಆ ದಿನ ಭಟ್ಟರು ನಗಲಿಲ್ಲ, ಏನೂ ಅನ್ನಲೂ ಇಲ್ಲ. ಜನ ದೊನ್ನೆಯಲ್ಲಿ ತೆಗೆದುಕೊಂಡು, ಕಂಬಕ್ಕೊರಗಿ, ಮಾತಿಲ್ಲದೆ ತಿಂದರು. ಹೂ ಮಾರುವ ಪಟ್ಟಮ್ಮಾಳ್ ಮಾತ್ರ ಸೊಂಟದ ಚೀಲದಿಂದ ಉಪ್ಪಿನಕಾಯಿ ತೆಗೆದು, ಅತ್ತ ತಿರುಗಿ, ಬೆರಳಲ್ಲಿ ಒಂದಿಷ್ಟು ನೆಕ್ಕಿಕೊಂಡಳು. ಪ್ರಸಾದದ ಬಗ್ಗೆ ಈ ಊರಲ್ಲಿ ಯಾರೂ ದೂರು ಹೇಳುವುದಿಲ್ಲ. ಅವರು ಬೈದಿದ್ದರೆ ವಾಸಿಯಿತ್ತು ಎಂದು ಆರಾವಮುದನ್‌ಗೆ ಅನ್ನಿಸಿತು.

ತಿಂಗಳು ಮುಗಿದು ಕಾರ್ತಿಗೈ ಹುಟ್ಟಿತು. ಅಡುಗೆಯ ಸರದಿ ಪದ್ಧತಿಯಂತೆ ಪಕ್ಕದ ಬೀದಿಯ ದಾಯಾದಿ ವರದನ್ ಮನೆಗೆ ಹೋಯಿತು. ಮಾರ್ಗಳಿಗೆ ಮತ್ತೆ ಇವರಿಗೆ ಬರಬೇಕು. ಮಾರ್ಗಳಿಯೆಂದರೆ ಧನುರ್ಮಾಸ, ಬೆಳಕು ಹರಿಯುವ ಮೊದಲೇ ಪೊಂಗಲ್, ಸುತ್ತಲ ಊರುಗಳ ಜನ, ಹೊರಗಿನಿಂದ ಬರುವ ಕಾರುಗಳು. ಸರದಿ ಒಪ್ಪಿಸುವ ದಿನ ದೇವಸ್ಥಾನದ ಆಡಳಿತ ನೋಡಿಕೊಳ್ಳುವ ಮಣಿಯಗಾರರು ಆರಾವಮುದನ್‌ನನ್ನು ಬದಿಗೆ ಕರೆದು ಒಂದು ಮಾತು ಹೇಳಿದರು. ಅದನ್ನು ಅವನು ಮನೆಯಲ್ಲಿ ಎಲ್ಲರೂ ಇದ್ದಾಗ ಹೇಳಿದ.

"ಮಾರ್ಗಳಿಗೆ ಮುಕುಂದನ್ ಮಾಡಲಿ ಅಂತಾರೆ. ಇಲ್ಲಾಂದ್ರೆ ವರದನ್ನೇ ಮುಂದುವರಿಸಲಿ ಅಂತ."

"ವರದನ್ನಾ?" ಕೋಮಳಂ ಬಿಡಿಸುತ್ತಿದ್ದ ಸೊಪ್ಪನ್ನು ಮೊರಕ್ಕೆ ಒಗೆದಳು. "ಒಂದು ಸಲ ಅವರ ಮನೆಗೆ ಹೋದ ಸರದಿ ವಾಪಸ್ ಬರುತ್ತಾ? ಅವನ ಹೆಂಡತಿ ಆಗ್ಲೇ ಬಾವಿಕಟ್ಟೆ ಹತ್ತಿರ ನನ್ನ ನೋಡಿ ಸೆರಗು ಸರಿಮಾಡ್ಕೊಳ್ತಾಳೆ, ಮಹಾರಾಣಿ!"

"ನಾನು ಅಂಗಡಿ ಬಿಟ್ಟು ಹೇಗಮ್ಮ ಹೋಗ್ಲಿ?" ಎಂದ ಮುಕುಂದನ್.

"ಮಾರ್ಗಳೀಲಿ ಬೆಳಗಿನ ಜಾವದ ಕೆಲಸ ತಾನೆ? ಮುಗಿಸಿ ಬಸ್ ಹಿಡೀಬಹುದು" ಎಂದಳು ವಂಜುಳಾ. "ಮದುವೆಗೆ ಮುಂಚೆ ಮಾಡ್ತಿದ್ದೆ ಅಂತ ನೀವೇ ಜಂಬ ಕೊಚ್ತಿರ್ತೀರಿ."

"ನಾನು ಸತ್ತಿಲ್ಲ" ಎಂದ ಆರಾವಮುದನ್.

ಅವನು ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದ. "ನಾಳೆಯಿಂದ ಸಂಜೆ ಅಡುಗೆ ನಾನೇ ಮಾಡ್ತೀನಿ. ವಂಜುಳಾ, ನಿನಗೆ ನಮ್ಮ ಮೆಣಸಿನ ಅನ್ನ ಕಲಿಸ್ತೀನಿ. ಮದುವೆಯಾಗಿ ಬಂದು ಇಷ್ಟು ದಿನ ಆಯ್ತು, ಇನ್ನೂ ಕುಕ್ಕರ್ ಕೂಗಿಸ್ತೀಯ."

ಮನೆಯ ಒಲೆ ಮುಟ್ಟದ ಗಂಡಸು ಇದ್ದಕ್ಕಿದ್ದಂತೆ ಹೀಗೇಕೆ ಹೊರಟ ಎಂದು ಯಾರೂ ಕೇಳಲಿಲ್ಲ. ಅವನು ತನ್ನ ಕೈಯನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಮೂವರಿಗೂ ಗೊತ್ತಿತ್ತು.

ಹಿತ್ತಲ ಜಗಲಿಯಲ್ಲಿ ಕಟ್ಟಿಗೆ ಒಲೆ ಹೂಡಿದರು. ಅಟ್ಟದ ಮೇಲಿದ್ದ ಕಂಚಿನ ಪಾತ್ರೆಯನ್ನು ಕೋಮಳಂ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದಳು. ಆರಾವಮುದನ್ ಮನೆಯಲ್ಲೂ ಬಾಯಿಗೆ ಬಟ್ಟೆ ಕಟ್ಟಿಕೊಂಡ. ನೀರು ತಿಳಿಯಾಗುವವರೆಗೆ ಅಕ್ಕಿ ತೊಳೆದ. ಎಸರು ಕುದಿಯುವ ಸದ್ದು ಕೇಳಿಯೇ ಅಕ್ಕಿ ಬಿಟ್ಟ. ವಂಜುಳಾ ಮೆಣಸು ಕುಟ್ಟಲು ಕೂತಳು.

"ಹಿಟ್ಟು ಮಾಡಬೇಡ. ಒಂದು ಕಾಳು ಎರಡಾದ್ರೆ ಸಾಕು. ಹಲ್ಲಿಗೆ ಸಿಕ್ಕಬೇಕು."

"ಉಪ್ಪು ಎಷ್ಟು ಮಾವ?"

"ಅದು ಕೈಗೆ ಗೊತ್ತು."

"ಕೈ ಮರೆತ್ರೆ?"

ಬಟ್ಟೆಯ ಮೇಲಿನಿಂದ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ವಂಜುಳಾ ಕುಟ್ಟುವುದನ್ನು ನಿಲ್ಲಿಸಿದಳು. "ನನ್ನ ಕೈ ಮರೆತ್ರೆ ಅಂದೆ ಮಾವ. ಕಲೀತಿರೋಳು ನಾನಲ್ವಾ?"

"ಮೆಣಸು ಕುಟ್ಟು" ಎಂದ ಅವನು.

ಅನ್ನ ಬೆಂದ ಮೇಲೆ ಪಾತ್ರೆಯನ್ನು ಕೆಂಡದ ಮೇಲೆ ಮುಚ್ಚಿಟ್ಟು, ಬಾವಿಗೆ ಹೋಗಿ ಕೈಕಾಲು ತೊಳೆದು, ಹಣೆಗೆ ನಾಮ ಇಟ್ಟುಕೊಂಡು ಬರುವುದು ಅವನ ಕ್ರಮ. ಬಂದು ದೇವರ ಮನೆಯಲ್ಲಿ ನೈವೇದ್ಯ ಮಾಡಿದ. ಆಮೇಲೆ ಎಲ್ಲರೂ ಉಂಡರು. ಉಪ್ಪು ಹದವಾಗಿತ್ತು.

"ಅಡ್ಡಿಯಿಲ್ಲ" ಎಂದ ಆರಾವಮುದನ್.

"ಅಡ್ಡಿಯಿಲ್ಲ ಅಂದ್ರೆ? ಅಮೃತ!" ಎಂದಳು ಕೋಮಳಂ. ಅವಳು ಗಂಡನ ಅಡುಗೆಯನ್ನು ಹೀಗೆ ಬಾಯ್ಬಿಟ್ಟು ಹೊಗಳಿದ್ದನ್ನು ಮುಕುಂದನ್ ಅದುವರೆಗೆ ಕೇಳಿರಲಿಲ್ಲ.

ಮರುದಿನವೂ ಹದವಾಗಿತ್ತು. ಅದರ ಮರುದಿನವೂ. ಆರಾವಮುದನ್ ಬೀದಿಯಲ್ಲಿ ನಡೆಯುವ ರೀತಿಯೇ ಬದಲಾಯಿತು. ವರದನ್ ಮನೆಯ ಮುಂದೆ ನಿಂತು, "ಕಟ್ಟಿಗೆ ಒಣಗಿದ್ದು ತರಿಸ್ಕೋಪ್ಪ, ಮಾರ್ಗಳಿಗೆ ನಾನು ಬಂದಾಗ ಹೊಗೆ ಕುಡಿಯೋಕಾಗಲ್ಲ" ಎಂದು ಹೇಳಿ ಬಂದ. ಮಣಿಯಗಾರರಿಗೂ ಹೇಳಿ ಕಳಿಸಿದ, ಈ ಸಲ ತಾನೇ ಬರುತ್ತೇನೆ ಎಂದು.

ಆ ದಿನಗಳಲ್ಲೇ ಒಂದು ಸಂಜೆ, ಬಾಳೆ ಎಲೆ ಒರೆಸಿ ತರಲು ಒಳಗೆ ಹೋಗಿದ್ದ ವಂಜುಳಾ ಬೇಗ ವಾಪಸು ಬಂದಳು. ಒಲೆಯ ಮುಂದೆ ಕೋಮಳಂ ಬಗ್ಗಿ ಕೂತಿದ್ದಳು. ಪಾತ್ರೆಯ ಮುಚ್ಚಳ ಸರಿದಿತ್ತು. ನಾಲ್ಕು ಅಗುಳು ಅಂಗೈಗೆ ಹಾಕಿಕೊಂಡು ಬಾಯಿಗಿಟ್ಟಳು. ಪಕ್ಕದಲ್ಲಿ ಉಪ್ಪುನೀರಿನ ಸಣ್ಣ ಬಟ್ಟಲು ಇತ್ತು.

"ಅತ್ತೆ!"

ಕೋಮಳಂ ಬೆಚ್ಚಲಿಲ್ಲ. ಬಟ್ಟಲನ್ನು ಪೂರ್ತಿ ಬಗ್ಗಿಸಿ, ಅನ್ನ ತಿರುವಿ, ಮುಚ್ಚಳ ಮುಚ್ಚಿದಳು. "ಮೆಲ್ಲಗೆ. ಬಾವಿ ಹತ್ತಿರ ಇದಾರೆ."

"ನೀವು... ನೈವೇದ್ಯಕ್ಕೆ ಮುಂಚೆ?"

"ಈ ಮನೆಗೆ ಬಂದಾಗಿಂದ ಒಂದು ಕಾಳು ಮುಂಚೆ ಬಾಯಿಗಿಟ್ಟೋಳಲ್ಲ ನಾನು. ಬಸುರೀಲೂ ಇಟ್ಟಿಲ್ಲ. ಈಗ ಇಡ್ತಿದೀನಿ. ಪಾಪ ಇದ್ರೆ ನನ್ನ ತಲೆ ಮೇಲಿರಲಿ."

"ದಿನಾನಾ?"

"ಒಂದಿನ ಸರಿ ಇರುತ್ತೆ. ಒಂದಿನ ಹಾಕೇ ಇರಲ್ಲ. ಜಾಸ್ತಿಯಾದ ದಿನ ಬೇರೆ ಅನ್ನ ಬೆರೆಸ್ತೀನಿ. ಅದಕ್ಕೇ ಮಧ್ಯಾಹ್ನದ್ದು ಒಂದಿಷ್ಟು ತೆಗೆದಿಟ್ಟಿರ್ತೀನಿ."

"ಪಾಪ ಪುಣ್ಯ ನನಗೆ ಗೊತ್ತಿಲ್ಲ ಅತ್ತೆ. ಮನೇಲಿ ಸರಿಯಾಗ್ತಿದೆ ಅಂತ ನಂಬ್ಕೊಂಡು ಅವರು ಮಾರ್ಗಳಿಗೆ ಹೊರಟಿದಾರೆ. ಅಲ್ಲಿ ಒಲೆ ಹತ್ತಿರ ನೀವಿರ್ತೀರಾ?"

"ಇನ್ನೂ ದಿನ ಇದೆಯಲ್ಲ. ಅಷ್ಟರಲ್ಲಿ ಕೈ ಸರಿಹೋಗುತ್ತೆ."

"ಸರಿಹೋಗದಿದ್ರೆ? ಅಷ್ಟು ಜನರ ಮುಂದೆ ಮರ್ಯಾದೆ ಹೋಗೋದು ಅವರದ್ದು. ನೀವು ಒಳ್ಳೇದು ಮಾಡ್ತಿಲ್ಲ, ಅವರನ್ನ ದೂಡ್ತಿದೀರಿ."

"ನೀನು ಬಾಯಿ ಬಿಟ್ರೆ" ಎಂದಳು ಕೋಮಳಂ, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತ, "ಈ ಮನೇಲಿ ನಿನ್ನ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳಲ್ಲ ನಾನು."

ವಂಜುಳಾ ಬಾಯಿ ಬಿಡಲಿಲ್ಲ. ಗಂಡನಿಗೆ ಮಾತ್ರ ಹೇಳಿದಳು, ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ.

"ನೀವೇ ಹೇಳಿ ನಿಮ್ಮಪ್ಪನಿಗೆ. ನಾನು ಮಾಡ್ತೀನಿ ಈ ಸಲ ಅಂತ ಅಷ್ಟೇ ಹೇಳಿ. ಉಪ್ಪಿನ ಸುದ್ದಿ ಬೇಡ."

"ಅದೊಂದನ್ನ ಬಿಟ್ರೆ ಅವರಿಗೆ ಏನಿದೆ ಹೇಳು."

"ಬಿಡಿಸದೇ ಇದ್ರೆ ಅದೂ ಇರಲ್ಲ."

"ನೋಡೋಣ" ಎಂದ ಮುಕುಂದನ್. ಅವನು ಯಾವುದನ್ನಾದರೂ ಮಾಡುವುದಿಲ್ಲ ಎಂದು ನಿರ್ಧರಿಸಿದಾಗ ಹೇಳುವ ಮಾತು ಅದು.

ಕಾರ್ತಿಗೈ ಕೊನೆಯ ವಾರ. ವಂಜುಳಾ ಲೈಬ್ರರಿಯಿಂದ ಇನ್ನೂ ಬಂದಿರಲಿಲ್ಲ. ಆರಾವಮುದನ್ ಪಾತ್ರೆ ಮುಚ್ಚಿಟ್ಟು ಬಾವಿಗೆ ಹೋದ. ಕೈಕಾಲು ತೊಳೆದ ಮೇಲೆ ಒರೆಸಿಕೊಳ್ಳುವ ವಸ್ತ್ರವನ್ನು ಜಗಲಿಯಲ್ಲೇ ಮರೆತು ಬಂದದ್ದು ಗೊತ್ತಾಯಿತು. ತಿರುಗಿ ಬಂದ. ಒದ್ದೆ ಕಾಲಿಗೆ ಸದ್ದಿರಲಿಲ್ಲ.

ಕೋಮಳಂ ಒಲೆಯ ಮುಂದೆ ಕೂತು ಕಣ್ಣು ಮುಚ್ಚಿಕೊಂಡಿದ್ದಳು. ಮೊದಲು ಅವನಿಗೆ ಅವಳು ಕೈಮುಗಿಯುತ್ತಿದ್ದಾಳೆ ಅನ್ನಿಸಿತು. ಆಮೇಲೆ ಅವಳ ದವಡೆ ಆಡುವುದು ಕಾಣಿಸಿತು. ಅವಳು ಕಣ್ಣು ಬಿಟ್ಟು, ಬೆರಳನ್ನು ಬಟ್ಟಲಿಗೆ ಅದ್ದಿ ಉಪ್ಪುನೀರನ್ನು ನಾಲಿಗೆಗೆ ಮುಟ್ಟಿಸಿ, ಒಂದಿಷ್ಟು ಅನ್ನದ ಮೇಲೆ ಸುರಿದಳು. ತಿರುವಿದಳು. ಮತ್ತೆ ನಾಲ್ಕು ಅಗುಳು ಬಾಯಿಗಿಟ್ಟಳು. ತಲೆಯಾಡಿಸಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ದಿನಾ ಮಾಡುವ ಕೆಲಸವನ್ನು ಮಾಡುವವರ ಮುಖ ಅದು.

ಆರಾವಮುದನ್ ಹಿಂದಕ್ಕೆ ಹೆಜ್ಜೆಯಿಟ್ಟ. ಬಾವಿಯ ಹತ್ತಿರ ಹೋಗಿ ಕೊಡವನ್ನು ಕಲ್ಲಿಗೆ ತಾಗಿಸಿ ಸದ್ದು ಮಾಡಿದ. ಇನ್ನೊಂದು ಕೊಡ ನೀರು ಸೇದಿದ. ಅದನ್ನು ತೆಂಗಿನ ಬುಡಕ್ಕೆ ಸುರಿದ. ಕೆಮ್ಮಿ, "ಕೋಮಳಂ, ವಸ್ತ್ರ ಅಲ್ಲೇ ಉಳೀತು, ತಾ" ಎಂದು ಕೂಗಿದ.

"ಬಂದೇ ರೀ" ಎಂದಳು ಅವಳು.

ನಾಮ ಇಟ್ಟುಕೊಂಡ. ಪಾತ್ರೆಯನ್ನು ಎತ್ತಿ ದೇವರ ಮನೆಗೆ ತಂದ. ಎಂಜಲು ತಗುಲಿದ ಅನ್ನವೆಂದು ಗೊತ್ತಿದ್ದೂ ಅದನ್ನು ಪೆರುಮಾಳಿನ ಮುಂದಿಟ್ಟು, ನೀರು ಸುತ್ತಿಸಿ, ಕಣ್ಣು ಮುಚ್ಚಿದ. ಅಷ್ಟು ಹೊತ್ತು ಅವನು ಎಂದೂ ಕಣ್ಣು ಮುಚ್ಚಿ ನಿಂತದ್ದಿಲ್ಲ. ಊಟಕ್ಕೆ ಕೂತಾಗ ಮೊದಲ ತುತ್ತು ತಿಂದು, "ಅಡ್ಡಿಯಿಲ್ಲ" ಎಂದ.

ಮರುದಿನ ಬೆಳಿಗ್ಗೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಅವನು ಮಗನಿಗೆ ಹೇಳಿದ: "ಮಾರ್ಗಳಿ ನೀನು ಮಾಡು. ಮಣಿಯಗಾರರ ಹತ್ತಿರ ಮಾತಾಡಿ ಬರ್ತೀನಿ."

ಮುಕುಂದನ್ ಲೋಟ ಕೆಳಗಿಟ್ಟ.

"ಯಾಕೆ? ಏನಾಯ್ತೀಗ?" ಕೋಮಳಂ ಬಾಗಿಲಿಗೆ ಬಂದಳು. "ಇಷ್ಟು ದಿನ ಒಂದಿನಾನಾದ್ರೂ ತಪ್ಪಿದೆಯಾ? ನಿನ್ನೆ ಸಹ ಎಷ್ಟು ಚೆನ್ನಾಗಿತ್ತು!"

"ಮೊಣಕಾಲು. ಆ ಚಳೀಲಿ ಕಲ್ಲಿನ ಮೇಲೆ ನಿಲ್ಲೋಕಾಗಲ್ಲ."

"ಮೊಣಕಾಲು ಇವತ್ತು ಹುಟ್ತಾ? ಎಣ್ಣೆ ತಿಕ್ಕಿದ್ರೆ ಹೋಗುತ್ತೆ."

"ಬೇಡ ಕೋಮಳಂ."

ಅವನು ಹಾಗೆ ಹೆಸರು ಹಿಡಿದು ಮೆಲ್ಲಗೆ ಹೇಳಿದರೆ ಆ ಮಾತು ಮುಗಿದಂತೆ. ಕೋಮಳಂ ಸೊಸೆಯ ಕಡೆ ತಿರುಗಿದಳು. ವಂಜುಳಾ ಕೂಡ ಮಾವನನ್ನೇ ಅಚ್ಚರಿಯಿಂದ ನೋಡುತ್ತಿದ್ದಳು.

ಅವನು ಹೊರಗೆ ಹೋಗುವವರೆಗೂ ಕೋಮಳಂ ಕಾದಳು. ಆಮೇಲೆ ಹೇಳಿದಳು: "ಹೇಳ್ಬಿಟ್ಯಲ್ಲ?"

"ಇಲ್ಲ ಅತ್ತೆ, ಸತ್ಯವಾಗ್ಲೂ..."

"ಸುಳ್ಳಾಡ್ಬೇಡ. ನಿನ್ನ ಬಾಯಿಂದಲ್ಲದೆ ಅವರಿಗೆ ಕನಸು ಬಿತ್ತಾ? ಗೆದ್ದೆ ಬಿಡು. ಗಂಡಂಗೆ ಸರದಿ ಕೊಡಿಸ್ದೆ."

"ಅಮ್ಮ, ಅವಳು ಹಾಗೆಲ್ಲಾ ಹೇಳೋಳಲ್ಲ" ಎಂದ ಮುಕುಂದನ್.

"ನೀನು ಸುಮ್ಮನಿರು. ನಿನಗೆ ಅಪ್ಪನ ಮುಖ ನೋಡಿ ಮಾತಾಡೋ ಧೈರ್ಯ ಇಲ್ಲ, ಹೆಂಡತಿ ಬಾಯಲ್ಲಿ ಆಡಿಸ್ದೆ."

ಕಿಟಕಿಯಾಚೆ ಚಪ್ಪಲಿ ಮೆಟ್ಟುತ್ತಿದ್ದ ಆರಾವಮುದನ್‌ಗೆ ಇದೆಲ್ಲ ಕೇಳಿಸಿತು. ಅವನು ಚಪ್ಪಲಿಯ ಉಂಗುಟಕ್ಕೆ ಬೆರಳು ಸೇರಿಸಿ, ಸ್ವಲ್ಪ ನಿಂತು, ಬೀದಿಗಿಳಿದ.

ಅಂದಿನಿಂದ ಕೋಮಳಂ ಸೊಸೆಯ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ. ಬೇಕಾದ್ದನ್ನು ತಾನೇ ಎದ್ದು ತೆಗೆದುಕೊಂಡಳು. ವಂಜುಳಾ ಬಡಿಸಲು ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಹೇಳುವುದಿದ್ದರೆ ಕಂಬಕ್ಕೆ ಹೇಳುವಂತೆ, "ಹಾಲಿನವನು ಬಂದಿದ್ದ, ಯಾರಾದ್ರೂ ನೋಡ್ಬಹುದಿತ್ತು" ಎನ್ನುತ್ತಿದ್ದಳು. ಒಮ್ಮೆ ಮುಕುಂದನ್ ಸಹಿಸಲಾರದೆ ಜೋರು ಮಾಡಿದ. ಅವಳು ಆ ದಿನ ಉಪವಾಸ ಎಂದು ಮಲಗಿಬಿಟ್ಟಳು. ಆರಾವಮುದನ್ ಇದನ್ನೆಲ್ಲ ನೋಡುತ್ತಿದ್ದ. ಒಂದೇ ಮಾತಿಗೆ ಸೊಸೆಯ ಮೇಲಿನ ದೂರು ಹೋಗುತ್ತಿತ್ತು. ಆದರೆ ಆ ಒಂದು ಮಾತು ಕೇಳಿದ ಮೇಲೆ ಕೋಮಳಂ ಅವನ ಮುಂದೆ ಹೇಗೆ ತಲೆಯೆತ್ತುತ್ತಾಳೆ ಎಂಬುದು ಅವನಿಗೆ ತೋಚುತ್ತಿರಲಿಲ್ಲ.

ಮಾರ್ಗಳಿ ಬಂತು. ಮುಕುಂದನ್ ಚಳಿಯಲ್ಲಿ ಎದ್ದು ಒದ್ದೆ ಪಂಚೆಯಲ್ಲಿ ದೇವಸ್ಥಾನಕ್ಕೆ ಹೋದ, ಮುಗಿಸಿ ಬಂದು ಓಡೋಡಿ ಬಸ್ ಹಿಡಿದ. ಮೊದಲ ದಿನದ ಪೊಂಗಲ್‌ಗೆ ಮೆಣಸು ಹೆಚ್ಚಾಗಿತ್ತು. ಊರಿನವರು ಮೂಗು ಒರೆಸಿಕೊಂಡು ತಿಂದರು. ಸರದಿ ವರದನ್ ಮನೆಯಲ್ಲೇ ಉಳಿಯಲಿಲ್ಲ.

ಮನೆಯ ಹಿತ್ತಲಲ್ಲಿ ಸಂಜೆಯ ಒಲೆ ಆರಲಿಲ್ಲ. ಈಗ ಸೊಸೆ ಬೇಯಿಸುತ್ತಿದ್ದಳು. ಮಾವ ಮಣೆಯ ಮೇಲೆ ಕೂತು ಹೇಳಿಕೊಡುತ್ತಿದ್ದ. ಎಸರಿನ ಸದ್ದು ಯಾವಾಗ ಬದಲಾಗುತ್ತದೆ, ಉಪ್ಪುನೀರನ್ನು ಯಾವಾಗ ಬಿಡಬೇಕು, ತುಪ್ಪದಲ್ಲಿ ಜೀರಿಗೆ ಯಾವ ಬಣ್ಣಕ್ಕೆ ಬರಬೇಕು. ಒಂದು ದಿನ ಅವನು ಅವಳ ಮುಷ್ಟಿಯನ್ನು ಹಿಡಿದು, ಉಪ್ಪು ತುಂಬಿಸಿ, ಅಷ್ಟಿಷ್ಟು ಉದುರಿಸಿ, "ಇಷ್ಟು. ಈ ಭಾರ ನೆನಪಿಟ್ಕೋ" ಎಂದ. ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು.

ವಂಜುಳಾ ಉಪ್ಪನ್ನು ನೀರಿಗೆ ಹಾಕಿದಳು. ಅವಳ ಕಣ್ಣು ಹೊಗೆಗೆ ಕೆಂಪಾಗಿತ್ತು, ಅಥವಾ ಹೊಗೆಗಲ್ಲ.

"ಮಾವ, ನಾನು ನಿಮಗೆ ಏನಾದ್ರೂ ಹೇಳಿದ್ನಾ?"

"ಏನು?"

"ನಿಮಗೆ ಗೊತ್ತು ಏನು ಅಂತ. ನಾನು ಹೇಳ್ಲಿಲ್ಲ. ಹೇಳಬೇಕು ಅನ್ನಿಸಿದ್ದು ನಿಜ, ಆದ್ರೆ ಹೇಳ್ಲಿಲ್ಲ. ನೀವು ಹೇಗೆ ತಿಳ್ಕೊಂಡ್ರೋ ನನಗೆ ಬೇಡ. ಅತ್ತೆಗೆ ನೀವೇ ಒಂದು ಮಾತು ಹೇಳಿ. ವಂಜುಳಾ ಹೇಳ್ಲಿಲ್ಲ ಅಂತ. ಅಷ್ಟು ಸಾಕು."

ಆರಾವಮುದನ್ ಒಲೆಯೊಳಗಿನ ಕೊಳ್ಳಿಯನ್ನು ಹಿಂದಕ್ಕೆಳೆದ. "ಉರಿ ಜಾಸ್ತಿಯಾಯ್ತು, ತಳ ಹಿಡಿಯುತ್ತೆ" ಎಂದ.

"ಮಾವ."

"ಹೇಳ್ತೀನಮ್ಮ."

ಅವನು ಹೇಳಲಿಲ್ಲ. ಆ ಮಾರ್ಗಳಿಯಲ್ಲೂ ಇಲ್ಲ, ಆಮೇಲೂ ಇಲ್ಲ. ವಂಜುಳಾ ಬಾಯಿ ಬಿಟ್ಟಿಲ್ಲ, ಬಾವಿಯಿಂದ ತಿರುಗಿ ಬಂದಾಗ ನಾನೇ ಕಣ್ಣಾರೆ ಕಂಡೆ ಎಂದು ಅವನು ಕೋಮಳಂಗೆ ಎಂದೂ ಹೇಳಲಿಲ್ಲ.